ಮನೆಯಲ್ಲೇ ಸಸ್ಯಾಹಾರಿ ಕೊರೊಕ್ಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹೊರಗೆ ಕಚ್ಚಿದರೆ ಸದ್ದು ಬರುವಷ್ಟು ಗರಿ, ಒಳಗೆ ಬಾಯಲ್ಲಿಟ್ಟರೆ ಉದುರುವಷ್ಟು ಹಗುರವಾದ ಆಲೂಗಡ್ಡೆ. ಜಪಾನಿನ ಕರಿದ ತಿನಿಸಾದ ಕೊರೊಕ್ಕೆ ಚೆನ್ನಾಗಿ ಬರಲು ಇವೆರಡೂ ಬೇಕು, ಇವೆರಡನ್ನೂ ಕೆಡಿಸುವುದು ನೀರು. ಎಣ್ಣೆಯಲ್ಲಿ ಒಡೆಯುವುದು, ಹೊದಿಕೆ ಕಳಚುವುದು, ಒಳಗೆ ಅಂಟಂಟಾಗುವುದು ಇತ್ಯಾದಿ ದೂರುಗಳನ್ನು ಬೆನ್ನಟ್ಟಿ ಹೋದರೆ ಬಹುತೇಕ ಎಲ್ಲವೂ ಆಲೂಗಡ್ಡೆಯಲ್ಲೋ ಈರುಳ್ಳಿಯಲ್ಲೋ ಉಳಿದ ತೇವಕ್ಕೆ ಬಂದು ನಿಲ್ಲುತ್ತವೆ. ಕೆಳಗಿನ ಉತ್ತರಗಳಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ.

ಅಳತೆಯಲ್ಲಿ ದೊಡ್ಡ ಚಮಚ ಎಂದರೆ 15 ಮಿ.ಲೀ., ಸಣ್ಣ ಚಮಚ ಎಂದರೆ 5 ಮಿ.ಲೀ.

ಕೊರೊಕ್ಕೆ ಎಂದರೆ ಏನು? ನಮ್ಮ ಕಟ್ಲೆಟ್‌ಗಿಂತ ಹೇಗೆ ಬೇರೆ?

ಫ್ರಾನ್ಸಿನ ಕ್ರೊಕೆಟ್ ಮೈಜಿ ಕಾಲದಲ್ಲಿ (1868-1912) ಜಪಾನಿಗೆ ಹೋಗಿ, ಅಲ್ಲಿನ ಅಡುಗೆಯಾಗಿ ಬೆಳೆದ ರೂಪವೇ ಕೊರೊಕ್ಕೆ. ಮೊದಲು ಹೋಟೆಲುಗಳ ತಿನಿಸಾಗಿತ್ತು. ಆಮೇಲೆ ಮಾಂಸದಂಗಡಿಗಳವರು ಆಲೂಗಡ್ಡೆಗೆ ಸ್ವಲ್ಪ ಕೈಮ ಸೇರಿಸಿ ಅಂಗಡಿಯ ಮುಂದೆಯೇ ಕರಿದು ಮಾರತೊಡಗಿದ್ದರಿಂದ ದಿನನಿತ್ಯದ ಅಗ್ಗದ ತಿನಿಸಾಯಿತು. ಚಂಡಮಾರುತ ಬರುವ ದಿನ ಮನೆಯಲ್ಲಿ ಕೂತು ಕೊರೊಕ್ಕೆ ತಿನ್ನುವ ರೂಢಿಯೂ ಅಲ್ಲಿದೆ. ಇದು ಶುರುವಾದದ್ದು 2001ರ ಆಗಸ್ಟ್‌ನಲ್ಲಿ.

ನಮ್ಮ ಕಟ್ಲೆಟ್‌ನಲ್ಲಿ ಹಸಿಮೆಣಸಿನಕಾಯಿ, ಶುಂಠಿ, ಗರಂ ಮಸಾಲೆ ಮುಂದೆ ನಿಲ್ಲುತ್ತವೆ. ಆಲೂಬೋಂಡಾದಲ್ಲಿ ಒಗ್ಗರಣೆ ಮತ್ತು ಕಡಲೆಹಿಟ್ಟು. ಕೊರೊಕ್ಕೆಯಲ್ಲಿ ಆಲೂಗಡ್ಡೆಯ ರುಚಿಯೇ ಮುಖ್ಯ. ಸೋಯಾ ಸಾಸ್ ಮತ್ತು ಸಕ್ಕರೆಯ ಉಪ್ಪು-ಸಿಹಿ, ಕಾಳುಮೆಣಸು, ಹುರಿದ ಈರುಳ್ಳಿ ಅದನ್ನು ಎತ್ತಿ ಕೊಡುತ್ತವೆ. ಖಾರ ಬೇಕಾದವರು ಸಾಸ್‌ನಲ್ಲಿ ತೆಗೆದುಕೊಳ್ಳುವುದು ಒಳ್ಳೆಯದು. ಹೂರಣಕ್ಕೆ ಗರಂ ಮಸಾಲೆ ಬಿದ್ದರೆ ಅದು ಕಟ್ಲೆಟ್ಟೇ ಆಗುತ್ತದೆ, ಪಾಂಕೊ (ಜಪಾನಿನ ಒರಟು ಬ್ರೆಡ್ ಚೂರು) ಹಚ್ಚಿದ ಮಾತ್ರಕ್ಕೆ ಕೊರೊಕ್ಕೆ ಆಗುವುದಿಲ್ಲ.

ಜಪಾನಿನ ಅಂಗಡಿಯಲ್ಲಿ ಸಿಗುವ ಆಲೂಗಡ್ಡೆ ಕೊರೊಕ್ಕೆ ಸಸ್ಯಾಹಾರವೇ?

ಅಲ್ಲ ಎಂದೇ ತಿಳಿದು ನಡೆದುಕೊಳ್ಳಿ. ಹೆಸರಿನಲ್ಲಿ ಬರೀ ಆಲೂಗಡ್ಡೆ ಇದ್ದರೂ ಒಳಗೆ ಸ್ವಲ್ಪ ದನದ ಅಥವಾ ಹಂದಿಯ ಕೈಮ ಇರುವುದೇ ಹೆಚ್ಚು. ತರಕಾರಿ ಕೊರೊಕ್ಕೆ ಎಂದು ಬರೆದಿದ್ದರಲ್ಲೂ ಮಾಂಸದ ಸಾರ ಇರಬಹುದು. ಹೊದಿಕೆಗೆ ಮೊಟ್ಟೆ ಸಾಮಾನ್ಯ. ಮಾಂಸದಂಗಡಿಗಳಲ್ಲಿ ಕರಿಯುವುದು ಎಷ್ಟೋ ಸಲ ಹಂದಿ ಕೊಬ್ಬಿನಲ್ಲಿ, ಅದೂ ಮಾಂಸದ ಕಟ್ಲೆಟ್ ಕರಿದ ಬಾಣಲೆಯಲ್ಲೇ. ಸಿಹಿಗುಂಬಳದ ಕೊರೊಕ್ಕೆಯಲ್ಲಿ ಕೈಮ ಇಲ್ಲದಿರುವ ಸಾಧ್ಯತೆ ಹೆಚ್ಚು, ಆದರೆ ಎಣ್ಣೆಯ ಪ್ರಶ್ನೆ ಅಲ್ಲೂ ಉಳಿಯುತ್ತದೆ.

ಟೋಕಿಯೊದಲ್ಲೋ ಒಸಾಕಾದಲ್ಲೋ ನೆಲೆಸಿದ ಕನ್ನಡಿಗರು ಪೊಟ್ಟಣದ ಹಿಂಬದಿ ಓದುವಾಗ ನೆನಪಿಡಬೇಕಾದ ಪದಗಳು ಇವು: ಬುತಾ ಎಂದರೆ ಹಂದಿ, ಗ್ಯೂ ಎಂದರೆ ದನ, ತೊರಿ ಎಂದರೆ ಕೋಳಿ, ತಮಾಗೊ ಎಂದರೆ ಮೊಟ್ಟೆ, ಕಾತ್ಸುಒ ಎಂದರೆ ಸಾರಿಗೆ ಬಳಸುವ ಮೀನು. ಗ್ಯೂನ್ಯೂ ಎಂದಿದ್ದರೆ ಅದು ಹಾಲು, ಮಾಂಸವಲ್ಲ. ಅಲ್ಲಿನ ನಿಯಮದಂತೆ ಮೊಟ್ಟೆ, ಹಾಲು, ಗೋಧಿಯನ್ನು ಅಲರ್ಜಿಯ ಪಟ್ಟಿಯಲ್ಲಿ ತೋರಿಸಲೇಬೇಕು. ಮಾಂಸ, ಮೀನುಗಳಿಗೆ ಈ ಕಡ್ಡಾಯವಿಲ್ಲವಾದ್ದರಿಂದ ಆ ಚಿಕ್ಕ ಪಟ್ಟಿಯನ್ನಷ್ಟೇ ನೋಡಿ ನಿರ್ಧರಿಸಬೇಡಿ, ಪದಾರ್ಥಗಳ ಪೂರ್ತಿ ಸಾಲು ಓದಿ. ಭಾರತದಲ್ಲಿ ಕೊಳ್ಳುವ ಪೊಟ್ಟಣಗಳಿಗೆ ಹಸಿರು ಚುಕ್ಕಿ ಇದ್ದರೆ ಮೊಟ್ಟೆಯೂ ಇಲ್ಲ ಎಂದರ್ಥ.

ಹತ್ತು ಕೊರೊಕ್ಕೆಗೆ ಏನೇನು, ಎಷ್ಟೆಷ್ಟು ಬೇಕು?

ಹೂರಣಕ್ಕೆ:
- ಆಲೂಗಡ್ಡೆ 600 ಗ್ರಾಂ (ಸಿಪ್ಪೆ ಸಮೇತ ತೂಕ)
- ಈರುಳ್ಳಿ 150 ಗ್ರಾಂ, ಸಣ್ಣಗೆ ಹೆಚ್ಚಿದ್ದು
- ಅಣಬೆ 120 ಗ್ರಾಂ, ಸಣ್ಣಗೆ ಹೆಚ್ಚಿದ್ದು
- ಬೆಣ್ಣೆ ಅಥವಾ ಎಣ್ಣೆ 1 ದೊಡ್ಡ ಚಮಚ
- ಸೋಯಾ ಸಾಸ್ 1 ದೊಡ್ಡ ಚಮಚ
- ಸಕ್ಕರೆ 2 ಸಣ್ಣ ಚಮಚ
- ಉಪ್ಪು ಅರ್ಧ ಸಣ್ಣ ಚಮಚ
- ಕಾಳುಮೆಣಸಿನ ಪುಡಿ ಕಾಲು ಸಣ್ಣ ಚಮಚ, ಜಾಯಿಕಾಯಿ ಒಂದು ಚಿಟಿಕೆ

ಹೊದಿಕೆಗೆ:
- ಉದುರಿಸಲು ಮೈದಾ 3 ದೊಡ್ಡ ಚಮಚ
- ಕಲಸಲು ಮೈದಾ 60 ಗ್ರಾಂ, ತಣ್ಣೀರು 100 ಮಿ.ಲೀ.
- ಪಾಂಕೊ 100 ಗ್ರಾಂ (ಸ್ವಲ್ಪ ಉಳಿಯುತ್ತದೆ)

ಕರಿಯಲು ವಾಸನೆ ಇಲ್ಲದ ಎಣ್ಣೆ ಸುಮಾರು 700 ಮಿ.ಲೀ. ಸೂರ್ಯಕಾಂತಿ, ಶೇಂಗಾ, ಅಕ್ಕಿತೌಡಿನ ಎಣ್ಣೆ ಯಾವುದಾದರೂ ಆದೀತು.

ಬೆಂದು, ತೇವ ಆರಿದ ಮೇಲೆ ಹೂರಣ ಸುಮಾರು 650 ಗ್ರಾಂ ಆಗುತ್ತದೆ. ತಲಾ 65 ಗ್ರಾಂನಂತೆ ಹತ್ತು. ಸಾಸ್ ಹಾಕಿ ತಿನ್ನುವ ಲೆಕ್ಕದಲ್ಲಿ ಉಪ್ಪು ಇಟ್ಟಿದೆ. ಡಬ್ಬಿ ಊಟಕ್ಕೆ ಸಾಸ್ ಇಲ್ಲದೆ ಕಳಿಸುವುದಾದರೆ ಕಾಲು ಸಣ್ಣ ಚಮಚ ಹೆಚ್ಚಿಸಿ.

ಯಾವ ಆಲೂಗಡ್ಡೆ ಸರಿ?

ಬೆಂದಾಗ ಬಿರಿದು ಹಿಟ್ಟಾಗುವ ಜಾತಿ. ಜಪಾನಿನಲ್ಲಿ ಇದಕ್ಕೆ ಹೆಸರಾದದ್ದು ದಾನ್ಶಾಕು. ಕವಾದಾ ರ‍್ಯೋಕಿಚಿ ಎಂಬ ಬ್ಯಾರನ್ 1908ರಲ್ಲಿ ಹೊಕ್ಕಾಯ್ಡೊದ ಹಾಕೊದಾತೆ ಬಳಿ ವಿದೇಶದಿಂದ ತರಿಸಿದ ಬಿತ್ತನೆಗಡ್ಡೆ ನೆಟ್ಟ. ಆ ತಳಿ ಐರಿಷ್ ಕಾಬ್ಲರ್. ಆತನ ಪದವಿಯೇ ಗಡ್ಡೆಯ ಹೆಸರಾಯಿತು. ಹಳದಿ ತಿರುಳಿನ ಕಿತಾ ಅಕಾರಿ ಕೂಡ ಚೆನ್ನಾಗಿ ಹಿಟ್ಟಾಗುತ್ತದೆ, ಸ್ವಲ್ಪ ಸಿಹಿ. ಅಲ್ಲಿ ಸಿಗುವ ಮೇ ಕ್ವೀನ್ ನುಣುಪು ಜಾತಿ. ಸಾರು, ಪಲ್ಯಕ್ಕೆ ಒಡೆಯದೆ ನಿಲ್ಲುತ್ತದೆ, ಆ ಕಾರಣಕ್ಕೇ ಕೊರೊಕ್ಕೆಗೆ ಬೇಡ.

ಕರ್ನಾಟಕದ ಸಂತೆಯಲ್ಲಿ ತಳಿ ಕೇಳಿ ಕೊಳ್ಳುವುದು ಕಷ್ಟ. ಹಳೆಯ ಗಡ್ಡೆಯೋ ಹೊಸದೋ ಎಂದು ನೋಡುವುದು ಹೆಚ್ಚು ಉಪಯೋಗ. ಉಗುರಿನಿಂದ ಉಜ್ಜಿದರೆ ಸಿಪ್ಪೆ ಸುಲಿದು ಬರುವ ಎಳೆಯ ಗಡ್ಡೆಯಲ್ಲಿ ನೀರು ಹೆಚ್ಚು, ಪಿಷ್ಟ ಕಡಿಮೆ. ಮುಂಗಾರಿನ ಬೆಳೆ ಹಾಸನದ ಕಡೆಯಿಂದ ಹೊಸದಾಗಿ ಬರುವ ಆಗಸ್ಟ್-ಸೆಪ್ಟೆಂಬರ್ ಹೊತ್ತಿನಲ್ಲಿ ಇದನ್ನು ಗಮನಿಸಿ. ಸಿಪ್ಪೆ ಬಲಿತು ಒರಟಾದ ಗಡ್ಡೆ ಆರಿಸಿಕೊಳ್ಳಿ.

ಅನುಮಾನ ಬಂದರೆ ಒಂದು ಪರೀಕ್ಷೆ ಇದೆ. 11 ಲೋಟ ನೀರಿಗೆ 1 ಲೋಟ ಉಪ್ಪು ಕರಗಿಸಿ ಗಡ್ಡೆಗಳನ್ನು ಬಿಡಿ. ಪಿಷ್ಟ ಹೆಚ್ಚಿದ್ದದ್ದು ಮುಳುಗುತ್ತದೆ, ನೀರು ಹೆಚ್ಚಿದ್ದದ್ದು ತೇಲುತ್ತದೆ. ಮುಳುಗಿದ್ದನ್ನು ತೊಳೆದು ಕೊರೊಕ್ಕೆಗೆ ಇಟ್ಟುಕೊಳ್ಳಿ, ತೇಲಿದ್ದನ್ನು ಹುಳಿಗೆ ಹಾಕಿ.

ಫ್ರಿಜ್‌ನಲ್ಲಿಟ್ಟ ಆಲೂಗಡ್ಡೆ ಬೇಡ. ತಂಪಿನಲ್ಲಿ ಅದರ ಪಿಷ್ಟ ಸಕ್ಕರೆಗೆ ತಿರುಗುತ್ತದೆ, ರುಚಿ ಬೇಡದ ಸಿಹಿಯಾಗುತ್ತದೆ, ಕರಿಯುವಾಗ ಬಣ್ಣ ಬೇಗ ಕಪ್ಪಿಗೆ ತಿರುಗುತ್ತದೆ.

ಬೇಯಿಸುವ ಸರಿಯಾದ ಕ್ರಮ ಯಾವುದು? ಕುಕ್ಕರ್ ಬಳಸಬಹುದೇ?

ಸಿಪ್ಪೆ ಸಮೇತ ಇಡಿಯಾಗಿ ಹಬೆಯಲ್ಲಿ ಬೇಯಿಸುವುದು ಎಲ್ಲಕ್ಕಿಂತ ಉತ್ತಮ. ಇಡ್ಲಿ ಪಾತ್ರೆಯ ತಟ್ಟೆ ತೆಗೆದು ಜಾಲರಿ ಇಟ್ಟರೆ ಸಾಕು. 150 ಗ್ರಾಂನ ಗಡ್ಡೆಗೆ 35ರಿಂದ 40 ನಿಮಿಷ. ಕಡ್ಡಿ ಚುಚ್ಚಿದರೆ ತಡೆಯಿಲ್ಲದೆ ನಡುವಿನವರೆಗೆ ಇಳಿಯಬೇಕು. ನಡುವೆ ಗಟ್ಟಿ ಉಳಿದರೆ ಮಸೆಯುವಾಗ ಗಂಟು ಸಿಗುತ್ತದೆ, ಆಮೇಲೆ ಏನು ಮಾಡಿದರೂ ಕರಗುವುದಿಲ್ಲ.

ಕುಕ್ಕರ್‌ನಲ್ಲಿ ಮಾಡಬಹುದು. ತಳದಲ್ಲಿ ಒಂದೂವರೆ ಲೋಟ ನೀರು, ಮೇಲೆ ಸ್ಟ್ಯಾಂಡ್, ಅದರ ಮೇಲೆ ತೂತಿನ ತಟ್ಟೆಯಲ್ಲಿ ಆಲೂಗಡ್ಡೆ. ನೀರು ಗಡ್ಡೆಗೆ ತಾಗಬಾರದು. ಮಧ್ಯಮ ಗಾತ್ರಕ್ಕೆ 4 ಸೀಟಿ. ಒತ್ತಡ ಇಳಿದ ಕೂಡಲೇ ತೆಗೆಯಿರಿ, ಒಳಗೇ ಬಿಟ್ಟರೆ ಹಬೆ ನೀರಾಗಿ ಗಡ್ಡೆಯ ಮೇಲೇ ಇಳಿಯುತ್ತದೆ. ನೀರಿನಲ್ಲಿ ಮುಳುಗಿಸಿ, ಸಿಪ್ಪೆ ಒಡೆದು ಹೋಗುವಂತೆ ಬೇಯಿಸುವುದೇ ಮನೆಗಳಲ್ಲಿ ಆಗುವ ದೊಡ್ಡ ತಪ್ಪು.

ಸಮಯ ಇಲ್ಲದಿದ್ದರೆ ಸಿಪ್ಪೆ ತೆಗೆದು 4 ಸೆಂ.ಮೀ. ಹೋಳು ಮಾಡಿ, ತಣ್ಣೀರಿನಲ್ಲೇ ಇಟ್ಟು ಕುದಿಸಿ 12ರಿಂದ 15 ನಿಮಿಷ ಬೇಯಿಸಿ. ನೀರು ಪೂರ್ತಿ ಬಸಿದು ಅದೇ ಪಾತ್ರೆಯನ್ನು ಸಣ್ಣ ಉರಿಯ ಮೇಲೆ ಮತ್ತೆ ಇಡಿ. ಒಂದೆರಡು ನಿಮಿಷ ಪಾತ್ರೆಯನ್ನು ಆಡಿಸುತ್ತಿರಿ. ಹಬೆ ಹೋಗಿ, ಹೋಳಿನ ಮೈ ಬೆಳ್ಳಗೆ ಹಿಟ್ಟು ಸವರಿದಂತೆ ಕಾಣತೊಡಗಿದರೆ ಆಯಿತು. ಜಪಾನಿನ ಅಡುಗೆಮನೆಯಲ್ಲಿ ಇದಕ್ಕೆ ಕೊಫುಕಿ ಎನ್ನುತ್ತಾರೆ. ಈ ಎರಡು ನಿಮಿಷ ಬಿಟ್ಟವರ ಕೊರೊಕ್ಕೆಯೇ ಎಣ್ಣೆಯಲ್ಲಿ ಒಡೆಯುವುದು. ಹಬೆಯಲ್ಲಿ ಬೆಂದದ್ದಕ್ಕೆ ಈ ಹೆಜ್ಜೆ ಬೇಕಿಲ್ಲ. ಸಿಪ್ಪೆ ಸುಲಿದು ಅಗಲ ತಟ್ಟೆಯಲ್ಲಿ ಮುರಿದು ಹರಡಿದರೆ ತೇವ ತಾನಾಗಿ ಹೋಗುತ್ತದೆ.

ಬಿಸಿಯಲ್ಲೇ ಮಸೆಯಬೇಕೇ? ಮಿಕ್ಸಿಗೆ ಹಾಕಬಹುದೇ?

ಬಿಸಿಯಲ್ಲೇ ಮಸೆಯಿರಿ. ಬಿಸಿ ಇದ್ದಾಗ ಆಲೂಗಡ್ಡೆಯ ಕಣಗಳು ಒಂದರಿಂದೊಂದು ಸುಲಭವಾಗಿ ಬಿಡಿಸಿಕೊಳ್ಳುತ್ತವೆ. ಆರಿದ ಮೇಲೆ ಕಣಗಳನ್ನು ಹಿಡಿದಿಟ್ಟ ಪೆಕ್ಟಿನ್ ಬಿಗಿಯುತ್ತದೆ, ಆಗ ಒತ್ತಿದರೆ ಕಣವೇ ಒಡೆದು ಪಿಷ್ಟ ಹೊರಬಂದು ಅಂಟಾಗುತ್ತದೆ. ಮಿಕ್ಸಿಯ ಬ್ಲೇಡು ಬಿಸಿ ಇದ್ದರೂ ಇದೇ ಕೆಲಸ ಮಾಡುತ್ತದೆ. ಆದ ಗೋಂದನ್ನು ಸರಿಪಡಿಸುವ ದಾರಿ ಇಲ್ಲ.

ಮಸೆಯುವ ಸಾಧನ ಅಥವಾ ದೊಡ್ಡ ಫೋರ್ಕ್‌ನಿಂದ ಮೇಲಿನಿಂದ ಕೆಳಗೆ ಒತ್ತಿ, ತಿರುವಿ ಕಲಸಬೇಡಿ. ಪೂರ್ತಿ ನುಣ್ಣಗೆ ಬೇಡ. ಕಡಲೆಕಾಳಿನಷ್ಟು ಗಾತ್ರದ ತುಣುಕು ಅಲ್ಲಲ್ಲಿ ಉಳಿದರೆ ತಿನ್ನುವಾಗ ಆಲೂಗಡ್ಡೆ ಗೊತ್ತಾಗುತ್ತದೆ.

ಮಾಂಸದ ಕೈಮ ಇಲ್ಲದಿದ್ದರೆ ಸಪ್ಪೆಯಾಗುವುದಿಲ್ಲವೇ?

ಬರೀ ಈರುಳ್ಳಿ ಬಾಡಿಸಿ ಹಾಕಿದರೆ ಆಗುತ್ತದೆ. ಕೈಮ ಕೊಡುತ್ತಿದ್ದದ್ದು ಕೊಬ್ಬಿನ ಪರಿಮಳ ಮತ್ತು ನಾಲಿಗೆಯಲ್ಲಿ ನಿಲ್ಲುವ ಸವಿ. ಆ ಜಾಗಕ್ಕೆ ಅಣಬೆ, ಸೋಯಾ ಸಾಸ್, ಬೆಣ್ಣೆ ಮೂರೂ ಸೇರಬೇಕು.

ಬಾಣಲೆಯಲ್ಲಿ ಬೆಣ್ಣೆ ಕರಗಿಸಿ ಮೊದಲು ಈರುಳ್ಳಿ ಹಾಕಿ. ಮಧ್ಯಮ ಉರಿಯಲ್ಲಿ 8ರಿಂದ 10 ನಿಮಿಷ, ಅಂಚು ತಿಳಿಕಂದು ಆಗುವವರೆಗೆ. ಆಮೇಲೆ ಅಣಬೆ. ಅಣಬೆ ನೀರು ಬಿಡುತ್ತದೆ, ಆ ನೀರು ಪೂರ್ತಿ ಇಂಗಿ ಬಾಣಲೆಯ ತಳದಲ್ಲಿ ಚುರ್ ಎನ್ನುವ ಸದ್ದು ಮರಳಿ ಬರಬೇಕು. ಈಗ ಸಕ್ಕರೆ, ಸೋಯಾ ಸಾಸ್. ಸೋಯಾ ಸಾಸ್ ಬಾಣಲೆಯ ಬಿಸಿ ಅಂಚಿಗೆ ತಾಗಿ ಇಳಿಯುವಂತೆ ಹಾಕಿದರೆ ಸುಟ್ಟ ಪರಿಮಳ ಬರುತ್ತದೆ. ಒಂದು ನಿಮಿಷ ಕೈಯಾಡಿಸಿ, ಒದ್ದೆ ಇಲ್ಲ ಎಂದು ಖಾತ್ರಿಯಾದ ಮೇಲೆ ಇಳಿಸಿ.

ಒಣ ಶಿಟಾಕೆ ಸಿಕ್ಕರೆ ಇನ್ನೂ ಒಳ್ಳೆಯದು. ನಾಲ್ಕು ಅಣಬೆಯನ್ನು ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿ, ಗಟ್ಟಿಯಾಗಿ ಹಿಂಡಿ, ಕಾಂಡ ತೆಗೆದು ಸಣ್ಣಗೆ ಹೆಚ್ಚಿ. ನೆನೆಸಿದ ನೀರಿನಲ್ಲಿ 2 ದೊಡ್ಡ ಚಮಚ ಬಾಣಲೆಗೆ ಹಾಕಿ ಇಂಗಿಸಿ, ಮಿಕ್ಕಿದ್ದನ್ನು ಮಿಸೊ (ಹುದುಗಿಸಿದ ಸೋಯಾ ಮುದ್ದೆ) ಸೂಪಿಗೆ ಇಟ್ಟುಕೊಳ್ಳಿ.

ಅಗಿಯಲು ಏನಾದರೂ ಬೇಕು ಎನ್ನುವವರು 30 ಗ್ರಾಂ ಸೋಯಾ ಗ್ರಾನ್ಯೂಲ್ಸ್ ಅನ್ನು ಬಿಸಿನೀರಿನಲ್ಲಿ 10 ನಿಮಿಷ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಹಿಂಡಿ ಅಣಬೆಯ ಜೊತೆ ಹುರಿಯಬಹುದು. ಹಿಂಡುವುದರಲ್ಲಿ ಕೈ ಹಗುರ ಮಾಡಬೇಡಿ, ಅದು ಹಿಡಿದಿಟ್ಟುಕೊಳ್ಳುವ ನೀರು ಬಹಳ. ಇಷ್ಟಿದ್ದರೆ ಅಣಬೆ ಅರ್ಧಕ್ಕೆ ಇಳಿಸಿ.

ಯಾವ ಆಕಾರ, ಎಷ್ಟು ದಪ್ಪ?

ಹುರಿದದ್ದನ್ನು ಮಸೆದ ಆಲೂಗಡ್ಡೆಗೆ ಉಪ್ಪು, ಮೆಣಸು, ಜಾಯಿಕಾಯಿಯ ಜೊತೆ ಸೇರಿಸಿ, ಅಗಲ ತಟ್ಟೆಯಲ್ಲಿ ಹರಡಿ ಪೂರ್ತಿ ಆರಲು ಬಿಡಿ. ಬಿಸಿ ಇರುವಾಗ ಮುಚ್ಚಳ ಮುಚ್ಚಬೇಡಿ. ಆರಿದ ಮೇಲೆ 65 ಗ್ರಾಂನ ಹತ್ತು ಭಾಗ ಮಾಡಿ. ಪ್ರತಿ ಭಾಗವನ್ನೂ ಒಂದು ಅಂಗೈಯಿಂದ ಇನ್ನೊಂದಕ್ಕೆ ಐದಾರು ಸಲ ತಟ್ಟಿ ಒಳಗಿನ ಗಾಳಿ ಬಿಡಿಸಿ, ಅಂಡಾಕಾರಕ್ಕೆ ತನ್ನಿ. ದಪ್ಪ ಸುಮಾರು 2 ಸೆಂ.ಮೀ., ಉದ್ದ 8 ಸೆಂ.ಮೀ. ಅಂಚು ತೆಳ್ಳಗಾಗಬಾರದು, ಮೇಲೆ ಬಿರುಕು ಉಳಿಯಬಾರದು. ಬಿರುಕು ಕಂಡರೆ ಒದ್ದೆ ಬೆರಳಿನಿಂದ ಸವರಿ ಮುಚ್ಚಿ.

ಕೈಗೆ ಎಣ್ಣೆ ಸವರಿಕೊಂಡು ತಟ್ಟುವ ಅಭ್ಯಾಸ ನಮಗೆ ವಡೆ, ಕಟ್ಲೆಟ್‌ನಿಂದ ಬಂದದ್ದು. ಇಲ್ಲಿ ಅದು ಕೂಡದು. ಎಣ್ಣೆ ಹತ್ತಿದ ಮೈಗೆ ಮೈದಾ ಹಿಡಿಯುವುದಿಲ್ಲ.

ಮಾಡಿಟ್ಟದ್ದನ್ನು ಫ್ರಿಜ್‌ನಲ್ಲಿ 30 ನಿಮಿಷದಿಂದ ಒಂದು ಗಂಟೆ ಇಡಿ. ಗಟ್ಟಿಯಾಗಿ, ಹೊದಿಕೆ ಹಚ್ಚುವಾಗ ಆಕಾರ ಕೆಡದೆ ನಿಲ್ಲುತ್ತದೆ.

ಹೂರಣ ಮೆತ್ತಗಾಗಿ ತಟ್ಟಲು ಬರುತ್ತಿಲ್ಲ. ಏನು ಮಾಡಲಿ?

ಮೊದಲು ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ 4-5 ನಿಮಿಷ ಮಗುಚಿ ತೇವ ಓಡಿಸಿ. ಅದರಿಂದಲೂ ಆಗದಿದ್ದರೆ 2 ದೊಡ್ಡ ಚಮಚ ಪಾಂಕೊ ಸೇರಿಸಿ 10 ನಿಮಿಷ ಬಿಡಿ, ನೀರು ಹೀರುತ್ತದೆ. ಕಾರ್ನ್‌ಫ್ಲೋರ್, ಅಕ್ಕಿಹಿಟ್ಟು ಸುರಿದರೆ ಕೈಗೆ ಗಟ್ಟಿ ಎನಿಸಿದರೂ ಕರಿದ ಮೇಲೆ ಒಳಗೆ ರಬ್ಬರಿನಂತಾಗುತ್ತದೆ.

ಮೊಟ್ಟೆ ಇಲ್ಲದೆ ಹೊದಿಕೆ ಹಿಡಿಯುತ್ತದೆಯೇ?

ಚೆನ್ನಾಗಿಯೇ ಹಿಡಿಯುತ್ತದೆ. 60 ಗ್ರಾಂ ಮೈದಾಕ್ಕೆ 100 ಮಿ.ಲೀ. ತಣ್ಣೀರನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ ಗಂಟಿಲ್ಲದಂತೆ ಕಲಸಿ. ಚಮಚ ಅದ್ದಿ ಎತ್ತಿದರೆ ಹಿಂಬದಿಗೆ ಪದರವಾಗಿ ಅಂಟಬೇಕು, ಬೆರಳಿನಿಂದ ಗೆರೆ ಎಳೆದರೆ ಗೆರೆ ಹಾಗೇ ನಿಲ್ಲಬೇಕು. ನೀರಾಗಿದ್ದರೆ ಪಾಂಕೊ ಹಿಡಿಯುವುದಿಲ್ಲ, ತೀರ ದಪ್ಪವಾದರೆ ಪಾಂಕೊ ಮತ್ತು ಆಲೂಗಡ್ಡೆಯ ನಡುವೆ ಹಿಟ್ಟಿನ ಪದರ ಹಸಿಹಸಿಯಾಗಿ ಉಳಿಯುತ್ತದೆ.

ಕ್ರಮ ಹೀಗೆ. ಫ್ರಿಜ್‌ನಿಂದ ತೆಗೆದದ್ದಕ್ಕೆ ಒಣ ಮೈದಾ ಎಲ್ಲ ಕಡೆ ಹಚ್ಚಿ, ಹೆಚ್ಚಾದದ್ದನ್ನು ತಟ್ಟಿ ಉದುರಿಸಿ. ಕಲಸಿದ ಹಿಟ್ಟಿನಲ್ಲಿ ಅದ್ದಿ, ಎತ್ತಿ ಸೋರಲು ಬಿಡಿ. ಅಗಲ ತಟ್ಟೆಯಲ್ಲಿ ಹರಡಿದ ಪಾಂಕೊ ಮೇಲಿಟ್ಟು, ಮೇಲಿನಿಂದಲೂ ಪಾಂಕೊ ಸುರಿದು, ಅಂಗೈಯಿಂದ ಮೆಲ್ಲಗೆ ಒತ್ತಿ. ಅಂಚುಗಳನ್ನು ಮರೆಯಬೇಡಿ, ಬರಿದಾಗಿ ಉಳಿಯುವುದು ಅವೇ. ಒಂದು ಕೈ ಒಣ ಪದಾರ್ಥಕ್ಕೆ, ಇನ್ನೊಂದು ಹಸಿಹಿಟ್ಟಿಗೆ ಎಂದು ಮೀಸಲಿಟ್ಟರೆ ಬೆರಳಿಗೆ ಮುದ್ದೆ ಕಟ್ಟುವುದಿಲ್ಲ. ಹತ್ತೂ ಮುಗಿದ ಮೇಲೆ 10 ನಿಮಿಷ ಹಾಗೇ ಬಿಟ್ಟರೆ ಹೊದಿಕೆ ಕೂರುತ್ತದೆ.

ಪಾಂಕೊ ಬದಲು ಮಾಮೂಲಿ ಬ್ರೆಡ್ ಪುಡಿ ಸಾಕಲ್ಲವೇ?

ಪುಡಿ ನುಣ್ಣಗಿದ್ದಷ್ಟೂ ಬಿಗಿಯಾದ ಚಿಪ್ಪು ಕಟ್ಟುತ್ತದೆ. ಪಾಂಕೊ ಚೂರುಗಳು ದೊಡ್ಡವು, ಚೂಪು, ಒಳಗೆ ಗಾಳಿ ತುಂಬಿದವು. ಆದ್ದರಿಂದ ಗರಿ ಹೆಚ್ಚು ಹೊತ್ತು ಉಳಿಯುತ್ತದೆ, ಹಬೆಗೂ ಹೊರಹೋಗಲು ದಾರಿ ಇರುತ್ತದೆ. ರಸ್ಕ್ ಪುಡಿ ಬೇಡವೇ ಬೇಡ, ಅದರ ಸಕ್ಕರೆ ಬೇಗ ಸುಡುತ್ತದೆ.

ಮನೆಯಲ್ಲಿ ಮಾಡುವುದು ಸುಲಭ. ಒಂದೆರಡು ದಿನ ಹಳೆಯದಾದ ಬಿಳಿ ಸ್ಯಾಂಡ್‌ವಿಚ್ ಬ್ರೆಡ್ 8 ಹೋಳು ತೆಗೆದುಕೊಂಡು ಕಂದು ಅಂಚು ಕತ್ತರಿಸಿ. ಅರ್ಧ ಗಂಟೆ ಫ್ರೀಜರ್‌ನಲ್ಲಿಟ್ಟು ತುರಿಮಣೆಯ ದೊಡ್ಡ ತೂತಿನಲ್ಲಿ ತುರಿಯಿರಿ. ಮಿಕ್ಸಿಯಾದರೆ ಒಂದೊಂದು ಸೆಕೆಂಡಿನಂತೆ ಮೂರು ನಾಲ್ಕು ಸಲ ಮಾತ್ರ. ಇಷ್ಟಕ್ಕೇ ಬಳಸಿದರೆ ಅದು ಹಸಿ ಪಾಂಕೊ, ಕರಿದಾಗ ಗರಿಯ ಜೊತೆಗೆ ಒಂದು ಮೃದುತನವೂ ಇರುತ್ತದೆ. ಒಣಗಿಸಿ ಇಡುವುದಾದರೆ 100 ಡಿಗ್ರಿ ಓವನ್‌ನಲ್ಲಿ 10ರಿಂದ 12 ನಿಮಿಷ, ಬಣ್ಣ ಬರಬಾರದು.

ಪೊಟ್ಟಣದ ಒಣ ಪಾಂಕೊವನ್ನು ಹಸಿಯ ಹಾಗೆ ಮಾಡಲೂ ಬರುತ್ತದೆ. 100 ಗ್ರಾಂಗೆ 2 ದೊಡ್ಡ ಚಮಚ ನೀರು ಚಿಮುಕಿಸಿ, ಕೈಯಲ್ಲಿ ಬೆರೆಸಿ 5 ನಿಮಿಷ ಬಿಡಿ. ಬೇಗ ಸುಡುವುದಿಲ್ಲ, ಹಿಟ್ಟಿಗೂ ಚೆನ್ನಾಗಿ ಅಂಟುತ್ತದೆ. ಇದನ್ನು ಒಮ್ಮೆ ಮಾಡಿ ನೋಡಿ, ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಎಣ್ಣೆ ಎಷ್ಟು ಕಾಯಬೇಕು? ಎಷ್ಟು ಹೊತ್ತು ಕರಿಯಬೇಕು?

180 ಡಿಗ್ರಿ ಸೆಲ್ಸಿಯಸ್. ಎಣ್ಣೆ 3ರಿಂದ 4 ಸೆಂ.ಮೀ. ಆಳ ಇರಲಿ. ಥರ್ಮಾಮೀಟರ್ ಇಲ್ಲದಿದ್ದರೆ ಪಾಂಕೊ ಚೂರು ಹಾಕಿ ನೋಡಿ: ತಳ ಮುಟ್ಟಿ ನಿಧಾನವಾಗಿ ಎದ್ದರೆ ಇನ್ನೂ ಕಾಯಬೇಕು, ಅರ್ಧ ಇಳಿದು ಎದ್ದರೆ ಹೆಚ್ಚುಕಡಿಮೆ 170, ಇಳಿಯದೆ ಮೇಲೆಯೇ ಥಟ್ಟನೆ ಹರಡಿದರೆ 180.

ಒಳಗಿನದು ಆಗಲೇ ಬೆಂದಿದೆ. ಎಣ್ಣೆಯ ಕೆಲಸ ಹೊದಿಕೆಗೆ ಬಣ್ಣ ಕೊಡುವುದು, ಒಳಗನ್ನು ಬಿಸಿ ಮಾಡುವುದು, ಅಷ್ಟೇ. ಒಟ್ಟು 3ರಿಂದ 4 ನಿಮಿಷ ಸಾಕು. 22 ಸೆಂ.ಮೀ. ಬಾಣಲೆಗೆ ಒಂದು ಸಲಕ್ಕೆ ಮೂರು ಮಾತ್ರ. ಹಾಕಿದ ಮೇಲೆ ಒಂದೂವರೆ ನಿಮಿಷ ಸೌಟು ತಾಗಿಸಬೇಡಿ. ಕೆಳಗಿನ ಅಂಚು ಬಣ್ಣ ತಿರುಗಿದ ಮೇಲೆ ಒಮ್ಮೆ ಮಗುಚಿ, ಎರಡೂ ಕಡೆ ಹೊಂಬಣ್ಣ ಬಂದಾಗ ತೆಗೆಯಿರಿ. ತಟ್ಟೆಯಲ್ಲಿ ಹರಡಿದ ಪೇಪರ್ ಮೇಲೆ ಮಲಗಿಸಿದರೆ ಅಡಿಭಾಗ ಹಬೆಗೆ ನೆನೆಯುತ್ತದೆ, ಜಾಲರಿಯ ಮೇಲೆ ಓರೆಯಾಗಿ ನಿಲ್ಲಿಸಿ. ಮುಂದಿನ ಸಲಕ್ಕೆ ಎಣ್ಣೆ ಮತ್ತೆ 180ಕ್ಕೆ ಬರುವವರೆಗೆ ಕಾಯಿರಿ. ನಡುನಡುವೆ ಉದುರಿದ ಚೂರು ತೆಗೆಯದಿದ್ದರೆ ಸುಟ್ಟು ಉಳಿದವಕ್ಕೆ ಅಂಟುತ್ತವೆ.

ಎಣ್ಣೆ ಅಷ್ಟು ಬಳಸಲು ಮನಸ್ಸಿಲ್ಲದಿದ್ದರೆ ತವೆಯಲ್ಲಿ 1 ಸೆಂ.ಮೀ. ಎಣ್ಣೆ ಸಾಕು, ಕೊರೊಕ್ಕೆಯ ದಪ್ಪ ಒಂದೂವರೆ ಸೆಂ.ಮೀ.ಗೆ ಇಳಿಸಿ.

ಎಣ್ಣೆಯಲ್ಲಿ ಒಡೆದು ಹೋಗುತ್ತದೆ. ಯಾಕೆ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಒಳಗಿನ ತೇವ ಕಾದು ಹಬೆಯಾಗಿ ಉಬ್ಬುತ್ತದೆ. ಹೊದಿಕೆ ಅಷ್ಟರೊಳಗೆ ಗಟ್ಟಿಯಾಗಿ, ಎಲ್ಲ ಕಡೆ ಸಮನಾಗಿದ್ದರೆ ತಡೆಯುತ್ತದೆ. ಎಲ್ಲಾದರೂ ತೆಳ್ಳಗಿದ್ದರೆ ಅಲ್ಲೇ ಸೀಳುತ್ತದೆ, ಆಲೂಗಡ್ಡೆ ಹೊರಗೆ ಬರುತ್ತದೆ. ಕಾರಣಗಳನ್ನು ಈ ಕ್ರಮದಲ್ಲಿ ಹುಡುಕಿ.

ಎಣ್ಣೆ ತಣ್ಣಗಿತ್ತೇ? 160ಕ್ಕಿಂತ ಕೆಳಗಿದ್ದರೆ ಹೊದಿಕೆ ಗಟ್ಟಿಯಾಗುವ ಮೊದಲೇ ಒಳಗು ಕಾಯುತ್ತದೆ. ತುಂಬ ಹಾಕಿದಾಗ ಆಗುವುದೂ ಇದೇ. ಒಳಗೆ ಬೇಯಲಿ ಎಂದು ಸಣ್ಣ ಉರಿಯಲ್ಲಿ ಹೆಚ್ಚು ಹೊತ್ತು ಬಿಡುವವರ ಕೊರೊಕ್ಕೆ ಒಡೆಯುವುದು ಖಚಿತ.

ಹೂರಣ ಬೆಚ್ಚಗಿತ್ತೇ? ಬೆಚ್ಚಗಿನ ಹೂರಣ ಬೇಗ ಕುದಿಗೆ ಬರುತ್ತದೆ. ಹೊದಿಕೆಯ ಒಳಗೆ ಬೆವತು ಹಿಟ್ಟನ್ನೂ ಸಡಿಲಿಸುತ್ತದೆ.

ಒಡೆದ ಜಾಗ ಯಾವುದು ಎಂದು ನೋಡಿ. ಪ್ರತಿ ಸಲವೂ ಅಂಚಿನಲ್ಲೇ ಒಡೆದರೆ ಹಿಟ್ಟು ಅಥವಾ ಪಾಂಕೊ ಅಲ್ಲಿ ತಲುಪಿಲ್ಲ. ಮೇಲ್ಭಾಗದ ನಡುವೆ ಸೀಳಿದರೆ ಒಳಗೆ ಗಾಳಿ ಸಿಕ್ಕಿತ್ತು ಅಥವಾ ಬಿರುಕು ಮುಚ್ಚಿರಲಿಲ್ಲ. ಎಲ್ಲ ಕಡೆ ಪುಟ್ಟ ಪುಟ್ಟ ತೂತು ಬಿದ್ದರೆ ಹೂರಣದಲ್ಲೇ ನೀರು ಹೆಚ್ಚಿದೆ. ಆಗ ಮಿಕ್ಕಿದ್ದನ್ನು ಕರಿಯುವುದು ನಿಲ್ಲಿಸಿ, ಇನ್ನೊಮ್ಮೆ ಹಿಟ್ಟಿನಲ್ಲಿ ಅದ್ದಿ ಪಾಂಕೊ ಹಚ್ಚಿ ಎರಡು ಪದರ ಮಾಡಿ. ಗರಿ ಸ್ವಲ್ಪ ದಪ್ಪವಾದರೂ ಒಡೆಯುವುದು ನಿಲ್ಲುತ್ತದೆ.

ಒಡೆದದ್ದನ್ನು ಕೂಡಲೇ ಎತ್ತಿಬಿಡಿ. ಹೊರಬಿದ್ದ ಆಲೂಗಡ್ಡೆ ಎಣ್ಣೆಯನ್ನು ನೊರೆಯೆಬ್ಬಿಸಿ ಉಕ್ಕಿಸಬಹುದು.

ಹೊದಿಕೆ ಹಾಳೆಯಂತೆ ಕಳಚಿ ಬರುತ್ತದೆ.

ಒಣ ಮೈದಾ ಹಚ್ಚದೆ ನೇರವಾಗಿ ಹಿಟ್ಟಿಗೆ ಅದ್ದಿದರೆ ಹೀಗಾಗುತ್ತದೆ. ಒಣ ಮೈದಾ ತೀರ ದಪ್ಪವಾಗಿ ಉಳಿದರೂ ಹೀಗೇ. ಫ್ರಿಜ್‌ನಿಂದ ತೆಗೆದು ಸೆಕೆಯಲ್ಲಿ ಬಿಟ್ಟು ಮೇಲೆ ಹನಿ ಕಟ್ಟಿದ್ದರೆ ಒರೆಸಿ ಹಚ್ಚಿ. ಕರಾವಳಿಯ ಮಳೆಗಾಲದಲ್ಲಿ ಇದು ಬಹಳ ಬೇಗ ಆಗುತ್ತದೆ, ನಾಲ್ಕು ನಾಲ್ಕಾಗಿ ಹೊರತೆಗೆಯಿರಿ.

ಓವನ್ ಅಥವಾ ಏರ್‌ಫ್ರೈಯರ್‌ನಲ್ಲಿ ಮಾಡಬಹುದೇ?

ಮಾಡಬಹುದು, ಆದರೆ ಪಾಂಕೊವನ್ನು ಮೊದಲೇ ಹುರಿದುಕೊಳ್ಳಬೇಕು. 80 ಗ್ರಾಂ ಪಾಂಕೊಗೆ ಒಂದೂವರೆ ದೊಡ್ಡ ಚಮಚ ಎಣ್ಣೆ ಬೆರೆಸಿ ಸಣ್ಣ ಉರಿಯಲ್ಲಿ ಹೊಂಬಣ್ಣಕ್ಕೆ ತನ್ನಿ, ಆರಿಸಿ ಹಚ್ಚಿ. ಓವನ್ 210 ಡಿಗ್ರಿ, 12ರಿಂದ 15 ನಿಮಿಷ. ಏರ್‌ಫ್ರೈಯರ್ 190 ಡಿಗ್ರಿ, 8ರಿಂದ 10 ನಿಮಿಷ. ಹುರಿಯದ ಪಾಂಕೊ ಇಷ್ಟು ಹೊತ್ತಿನಲ್ಲಿ ಬಿಳಿಚಿಕೊಂಡೇ ಉಳಿದು, ಒಳಗು ಒಣಗಿಬಿಡುತ್ತದೆ. ಕರಿದದ್ದರ ಸಮಕ್ಕೆ ಬರುವುದಿಲ್ಲ, ಒಡೆಯುವ ಭಯ ಮಾತ್ರ ಇಲ್ಲ.

ಕೊರೊಕ್ಕೆ ಸಾಸ್ ಸಸ್ಯಾಹಾರವೇ? ಮನೆಯಲ್ಲಿ ಮಾಡುವುದು ಹೇಗೆ?

ಜಪಾನಿನಲ್ಲಿ ಹಾಕುವುದು ತೊನ್ಕಾತ್ಸು ಸಾಸ್ ಅಥವಾ ಅದಕ್ಕಿಂತ ತೆಳುವಾದ ಚೂನೊ ಸಾಸ್. ಇವು ತರಕಾರಿ, ಹಣ್ಣು, ವಿನೆಗರ್, ಮಸಾಲೆಯಿಂದ ಆದವು. ಆದರೂ ಕೆಲವು ತಯಾರಿಕೆಗಳಲ್ಲಿ ಮಾಂಸ, ಮೀನು ಅಥವಾ ಸಿಂಪಿಯ ಸಾರ ಸೇರಿರುತ್ತದೆ, ಓದಿ ಕೊಳ್ಳಿ. ಇಂಗ್ಲೆಂಡಿನ ಮೂಲ ವೂಸ್ಟರ್ ಸಾಸ್‌ನಲ್ಲಿ ಆಂಚೊವಿ ಮೀನು ಇದೆ, ಬೇಡ. ಅದೇ ಸಾಸ್‌ನಲ್ಲಿ ಹುಣಸೆಯೂ ಇದೆ, ಹಾಗಾಗಿ ನಮ್ಮ ಮನೆಯ ಹುಣಸೆಹಣ್ಣು ಇಲ್ಲಿ ಸರಿಯಾಗಿಯೇ ಕೂರುತ್ತದೆ.

ಟೊಮೆಟೊ ಕೆಚಪ್ 4 ದೊಡ್ಡ ಚಮಚ, ಸೋಯಾ ಸಾಸ್ ಒಂದೂವರೆ, ಗಟ್ಟಿ ಹುಣಸೆರಸ 1, ಬೆಲ್ಲದ ಪುಡಿ 1, ತುರಿದ ಸೇಬು 2 ದೊಡ್ಡ ಚಮಚ. ಕಾಳುಮೆಣಸು, ಚಕ್ಕೆ, ಲವಂಗದ ಪುಡಿ ಒಂದೊಂದು ಚಿಟಿಕೆ. ಕಾಲು ಲೋಟ ನೀರು ಹಾಕಿ ಸಣ್ಣ ಉರಿಯಲ್ಲಿ 5 ನಿಮಿಷ ಕುದಿಸಿ ಸೋಸಿ. ಆರಿದಾಗ ಗಟ್ಟಿಯಾಗುತ್ತದೆ. ಫ್ರಿಜ್‌ನಲ್ಲಿ ಒಂದು ವಾರ ಇಡಬಹುದು.

ಜೊತೆಗೆ ಏನು ಬಡಿಸಬೇಕು?

ಹಸಿ ಎಲೆಕೋಸು. ಎಷ್ಟು ಸಣ್ಣಗಾಗುತ್ತದೋ ಅಷ್ಟು ಸಣ್ಣಗೆ ಹೆಚ್ಚಿ, ಐಸ್ ನೀರಿನಲ್ಲಿ 5 ನಿಮಿಷ ಬಿಟ್ಟು, ಪೂರ್ತಿ ಬಸಿದು ರಾಶಿ ಹಾಕಿ. ಕರಿದದ್ದರ ಎಣ್ಣೆಗೆ ಇದು ಬೇಕೇ ಬೇಕು. ಅನ್ನ, ಮಿಸೊ ಸೂಪ್ ಸೇರಿದರೆ ಪೂರ್ತಿ ಊಟ. ಸೂಪಿನ ತಿಳಿಸಾರು ಮೀನಿನದ್ದಾಗದೆ ಕೊಂಬು ಎಂಬ ಕಡಲಪಾಚಿ ಅಥವಾ ಶಿಟಾಕೆಯದ್ದಾಗಿರಲಿ. ಬನ್ ಸೀಳಿ, ಎಲೆಕೋಸು, ಸಾಸ್ ಜೊತೆ ಇಟ್ಟರೆ ಕೊರೊಕ್ಕೆ ಪಾನ್. ಜಪಾನಿನ ನಿಲ್ದಾಣಗಳಲ್ಲಿ ಸಿಗುವ ಕೊರೊಕ್ಕೆ ಸೊಬಾದ (ಸಾರಿನಲ್ಲಿ ಕೊಡುವ ನೂಡಲ್ಸ್) ಸಾರಿನಲ್ಲಿ ಮೀನು ಇರುತ್ತದೆ.

ಈರುಳ್ಳಿ, ಹಾಲು, ಗೋಧಿ ಬಿಟ್ಟು ಮಾಡಬಹುದೇ?

ಈರುಳ್ಳಿ ಬೇಡವಾದರೆ ಸಣ್ಣಗೆ ಹೆಚ್ಚಿದ ಎಲೆಕೋಸು 120 ಗ್ರಾಂ ಚೆನ್ನಾಗಿ ಹುರಿದು ಹಾಕಿ. ಹಾಲು ಬೇಡವಾದರೆ ಬೆಣ್ಣೆಯ ಬದಲು ಎಣ್ಣೆ, ಪಾಂಕೊ ಪೊಟ್ಟಣದಲ್ಲಿ ಹಾಲಿದೆಯೇ ನೋಡಿ. ಗೋಧಿ ಬೇಡ ಎನ್ನುವವರು ಮೈದಾ ಬದಲು ಅಕ್ಕಿಹಿಟ್ಟು, ಪಾಂಕೊ ಬದಲು ಒರಟಾಗಿ ಪುಡಿ ಮಾಡಿದ ತೆಳು ಅವಲಕ್ಕಿ ಬಳಸಬಹುದು. ಸಾಮಾನ್ಯ ಸೋಯಾ ಸಾಸ್‌ನಲ್ಲೂ ಗೋಧಿ ಇರುತ್ತದೆ ಎಂಬುದು ನೆನಪಿರಲಿ.

ಬೇರೆ ಯಾವ ಹೂರಣ ಹೊಂದುತ್ತದೆ?

ಸಿಹಿಗುಂಬಳ. ಜಪಾನಿನ ಕಬೋಚಾ ಒಣ ತಿರುಳಿನದು, ನಮ್ಮದರಲ್ಲಿ ನೀರು ಹೆಚ್ಚು. ಕುಂಬಳ ಮತ್ತು ಆಲೂಗಡ್ಡೆ ಅರ್ಧರ್ಧ ತೆಗೆದುಕೊಂಡು, ಕುಂಬಳವನ್ನು ಹಬೆಯಲ್ಲಿ ಬೇಯಿಸಿ ಬಾಣಲೆಯಲ್ಲಿ ಮಗುಚಿ ಗಟ್ಟಿಮಾಡಿ. ಜೋಳದ ಕಾಳು 80 ಗ್ರಾಂ ಹಾಕುವುದಾದರೆ ಬಟ್ಟೆಯಲ್ಲಿ ಒರೆಸಿಯೇ ಹಾಕಿ, ಒದ್ದೆ ಕಾಳು ಎಣ್ಣೆಯಲ್ಲಿ ಸಿಡಿಯುತ್ತದೆ. ಚೀಸ್ ಇಡುವವರು 10 ಗ್ರಾಂ ತುಂಡನ್ನು ಸರಿಯಾಗಿ ನಡುವೆ ಇಡಬೇಕು. ಜಪಾನಿ ಕರಿಯ (ಮಸಾಲೆ ಸಾರಿನ) ರುಚಿಗೆ 2 ಸಣ್ಣ ಚಮಚ ಅಲ್ಲಿನ ಕರಿಪುಡಿ ಈರುಳ್ಳಿಯ ಜೊತೆ ಹುರಿಯಿರಿ. ಅಲ್ಲಿನ ಕರಿ ರೂ ಗಟ್ಟಿಗಳಲ್ಲಿ (ಹಿಟ್ಟು, ಕೊಬ್ಬು, ಮಸಾಲೆ ಸೇರಿಸಿ ಮಾಡಿದ ಗಟ್ಟಿ) ಪ್ರಾಣಿಯ ಕೊಬ್ಬು ಇರುವುದು ಸಾಮಾನ್ಯ, ಪುಡಿಯೇ ಸುರಕ್ಷಿತ.

ಕ್ರೀಮ್ ಕೊರೊಕ್ಕೆ ಬೇರೆಯೇ ತಿನಿಸು, ಒಳಗಿರುವುದು ಗಟ್ಟಿ ಬಿಳಿ ಸಾಸ್. ಆಲೂಗಡ್ಡೆಯದು ಕೈಗೆ ಹತ್ತಿದ ಮೇಲೆ ಅದಕ್ಕೆ ಹೋಗಿ.

ಮುಂಚೆಯೇ ಮಾಡಿಡಬಹುದೇ?

ತಟ್ಟಿದ್ದನ್ನು ಹೊದಿಕೆ ಇಲ್ಲದೆ ಫ್ರಿಜ್‌ನಲ್ಲಿ ಒಂದು ದಿನ ಇಡಬಹುದು. ಪಾಂಕೊ ಹಚ್ಚಿದ ಮೇಲೆ ನಾಲ್ಕು ಗಂಟೆ ಮೀರಬೇಡಿ, ಒಳಗಿನ ತೇವ ಪಾಂಕೊಗೆ ಏರುತ್ತದೆ. ಹೆಚ್ಚು ದಿನಕ್ಕಾದರೆ ಪಾಂಕೊ ಹಚ್ಚಿದ್ದನ್ನು ತಟ್ಟೆಯಲ್ಲಿ ಬಿಡಿಬಿಡಿಯಾಗಿ ಇಟ್ಟು ಫ್ರೀಜ್ ಮಾಡಿ, ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿ ಗಾಳಿ ಹೊರಹಾಕಿ ಕಟ್ಟಿ. ಒಂದು ತಿಂಗಳು ಚೆನ್ನಾಗಿರುತ್ತದೆ.

ಕರಿಯುವಾಗ ಕರಗಿಸಲು ಬಿಡಬೇಡಿ. ಕರಗಿದರೆ ಮೈಯೆಲ್ಲ ಒದ್ದೆಯಾಗಿ ಒಡೆಯುತ್ತದೆ. ಮೇಲಿನ ಮಂಜಿನ ಹರಳು ಕೊಡವಿ, 170 ಡಿಗ್ರಿಯಲ್ಲಿ ಒಂದು ಸಲಕ್ಕೆ ಎರಡರಂತೆ 5ರಿಂದ 6 ನಿಮಿಷ ಕರಿಯಿರಿ. ತೆಗೆದ ಮೇಲೆ ಎರಡು ನಿಮಿಷ ಜಾಲರಿಯ ಮೇಲಿದ್ದರೆ ಹೊರಗಿನ ಕಾವು ನಡುವಿಗೆ ಇಳಿಯುತ್ತದೆ. ಫ್ರೀಜರ್‌ಗೆಂದೇ ಮಾಡುವುದಾದರೆ ದಪ್ಪ ಒಂದೂವರೆ ಸೆಂ.ಮೀ.ಗೆ ಇಳಿಸಿ, ನಡುವೆ ತಣ್ಣಗೆ ಉಳಿಯುವುದು ತಪ್ಪುತ್ತದೆ.

ಕರಿದು ಮಿಕ್ಕಿದ್ದನ್ನು ಮತ್ತೆ ಗರಿ ಮಾಡುವುದು ಹೇಗೆ?

ಬರೀ ಮೈಕ್ರೋವೇವ್ ಹೊದಿಕೆಯನ್ನು ನೆನೆಸಿಬಿಡುತ್ತದೆ. ಅದರಲ್ಲಿ 30 ಸೆಕೆಂಡು ಇಟ್ಟು ಒಳಗನ್ನು ಬೆಚ್ಚಗೆ ಮಾಡಿ, ಆಮೇಲೆ 180 ಡಿಗ್ರಿ ಓವನ್ ಅಥವಾ ಏರ್‌ಫ್ರೈಯರ್‌ನಲ್ಲಿ 4-5 ನಿಮಿಷ. ಎರಡೂ ಇಲ್ಲದಿದ್ದರೆ ದಪ್ಪ ತವೆಯಲ್ಲಿ ಎಣ್ಣೆ ಹಾಕದೆ, ಸಣ್ಣ ಉರಿಯಲ್ಲಿ, ಮುಚ್ಚಳ ಮುಚ್ಚದೆ ಪ್ರತಿ ಬದಿ 3 ನಿಮಿಷ. ಡಬ್ಬಿಗೆ ಹಾಕುವಾಗ ಪೂರ್ತಿ ಆರಿಸಿ, ಸಾಸ್ ಬೇರೆ ಪುಟ್ಟ ಕರಡಿಗೆಯಲ್ಲಿ ಕಳಿಸಿ.